ನಿಕಲ್ ಪ್ಲೇಟಿಂಗ್ ಮತ್ತು ಖಾಲಿ ಉತ್ತರಪತ್ರಿಕೆ

ಗೆಳೆಯರೇ, ಬೆಳಿಗ್ಗೆ ಪೋಷಕರ ಸಭೆಯಲ್ಲಿ ನಡೆದದ್ದನ್ನು ಹೇಳದೆ ಇರಲಾಗುತ್ತಿಲ್ಲ. ನನ್ನ ಹತ್ತನೇ ತರಗತಿಯ ಸಿಂಚನಾ ವಿದ್ಯುದ್ವಿಭಜನೆಯ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟಿದ್ದಳು. ಉತ್ತರಪತ್ರಿಕೆಯನ್ನು ಅವಳ ತಂದೆಯ ಮುಂದಿಟ್ಟು, "ಮನೇಲಿ ಸ್ವಲ್ಪ ನೋಡಬಾರದಾ ಸಾರ್?" ಎಂದು ಗದರಿದಂತೆಯೇ ಕೇಳಿದೆ.

"ನಾನು ಓದಿರೋದು ಏಳನೇ ಕ್ಲಾಸು ಮೇಡಂ, ನಂಗೇನ್ ಗೊತ್ತಾಗುತ್ತೆ?" ಎಂದು ಅವರು ತಲೆ ತಗ್ಗಿಸಿದರು. ಅಷ್ಟರಲ್ಲಿ ಮೇಜಿನ ಮೇಲೆ ತೆರೆದಿದ್ದ ಪಠ್ಯಪುಸ್ತಕದ ಲೋಹಲೇಪನದ ಚಿತ್ರ ಅವರ ಕಣ್ಣಿಗೆ ಬಿತ್ತು. "ಅಯ್ಯೋ, ಇದು ನಮ್ಮ ತೊಟ್ಟಿ ಅಲ್ವಾ!"

ಇಟ್ಟಮಡುವಿನಲ್ಲಿ ಅವರದು ಹಳೆಯ ಸ್ಕೂಟರ್ ಭಾಗಗಳಿಗೆ ನಿಕಲ್ ಪ್ಲೇಟಿಂಗ್ ಮಾಡುವ ಪುಟ್ಟ ಅಂಗಡಿಯಂತೆ. ಆ ಮಾತು ಬಂದದ್ದೇ ಪಕ್ಕದಲ್ಲಿ ನಿಂತಿದ್ದ ಸಿಂಚನಾ ಮುಖ ತಿರುಗಿಸಿದಳು.

"ಸಾಮಾನು ಮೈನಸ್ ತಂತಿಗೆ ಕಟ್ಟಿ ತೊಟ್ಟಿಗೆ ಇಳಿಸ್ತೀವಿ ಮೇಡಂ. ಬೇಗ ಆಗ್ಲಿ ಅಂತ ಕರೆಂಟ್ ಜಾಸ್ತಿ ಕೊಟ್ರೆ ಅಂಚೆಲ್ಲ ಕಪ್ಪಾಗುತ್ತೆ. ನಿಕಲ್ ನಿಧಾನಕ್ಕೇ ಕೂರ್ಬೇಕು."

ಮಗಳು ಮೆಲ್ಲಗೆ ತಿರುಗಿ ಚಿತ್ರದ ಮೇಲೆ ಬೆರಳಿಟ್ಟಳು. "ಹಂಗಾದ್ರೆ ಅದೇ ಕ್ಯಾಥೋಡ್ ಅಪ್ಪಾ! ನಿಕಲ್ ಅಯಾನಿಗೆ ಪ್ಲಸ್ ಚಾರ್ಜು. ಅದಕ್ಕೇ ಮೈನಸ್ ಕಡೆಗೆ ಹೋಗುತ್ತೆ!"

"ಹೌದೇನೇ? ಇಪ್ಪತ್ತು ವರ್ಷ ಮಾಡಿದೀನಿ, ಯಾಕೆ ಹೋಗುತ್ತೆ ಅಂತ ಯಾರೂ ಹೇಳಿರ್ಲಿಲ್ಲ."

"ಸೋಮವಾರ ಕ್ಲಾಸಿಗೆ ಬಂದು ಇದನ್ನೇ ಹೇಳ್ತೀರಾ ಸಾರ್?" ಎಂದೆ. ಅವರು ಅಳುಕುತ್ತ ಮಗಳನ್ನು ನೋಡಿದರು.

"ಬರ್ತಾರೆ ಮೇಡಂ" ಎಂದು ಅವಳೇ ಹೇಳಿಬಿಟ್ಟಳು.

ಹದಿನಾಲ್ಕು ವರ್ಷದಿಂದ ಇದೇ ಪಾಠ ಮಾಡುವ ನಾನು ಈವರೆಗೆ ಒಂದು ಚಮಚಕ್ಕೂ ನಿಕಲ್ ಹಾಕಿಲ್ಲ ಎನ್ನುವುದನ್ನು ಮಾತ್ರ ಇಬ್ಬರಿಗೂ ಹೇಳಲಿಲ್ಲ.