ಗಗನನೌಕೆಯ ಕಸ

ನನ್ನ ಮಾವನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಂತ ಗಡಿಯಾರಗಳು, ಗಾಜಿಲ್ಲದ ಕಂದೀಲು, ಕಾಲುವೆ ಕೆಲಸದವರು ಎಸೆದುಹೋದ ತುಕ್ಕು ಕಬ್ಬಿಣ. ಇವುಗಳ ನಡುವೆ ಚಾಪೆ ಹಾಸಿ ಕೂತು, ನಕ್ಷತ್ರಗಳಿಗೆ ಹೋಗುವ ಜನರ ಕಥೆ ಬರೆಯುತ್ತಿದ್ದರು. ಸಿಂಧನೂರಿಗೆ ಕಾಲುವೆ ನೀರು ಬಂದ ಹೊಸದು. ಊರೆಲ್ಲ ಭತ್ತದ ಮಾತಾಡಿದರೆ ಇವರದು ಗಗನನೌಕೆಯ ಮಾತು.

ಆ ನೌಕೆಗಳೋ, ದೇವರೇ! ಕೊನೆಗೆ ಎಲ್ಲವೂ ನಮ್ಮ ಆ ಕೋಣೆಯಂತೆಯೇ ಆಗುತ್ತಿದ್ದವು. ಧೂಳು ಏರುವುದು, ಯಂತ್ರಗಳು ತುಕ್ಕು ಹಿಡಿಯುವುದು, ಜನ ಮುರುಕು ಸಾಮಾನಿನ ನಡುವೆ ಸಾಯುವುದು. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಓದುವರು.

"ಬಿಟ್ರ ಎಲ್ಲಾ ಹಾಳಾಗ್ತದವ್ವಾ. ಬಿಸಿ ರೊಟ್ಟಿ ತಾನ ಆರ್ತದ, ಆರಿದ್ದು ತಾನ ಬಿಸಿ ಆಗಂಗಿಲ್ಲ. ಲೋಕದ ಕಾಯ್ದೆನ ಹಂಗದ."

ಒಂದು ದಿನ ನನಗೆ ರೇಗಿತು. "ಮಾವಾರ, ಆ ನೌಕೆದಾಗ ಕಸ ಹೊಡಿಯೋರು ಯಾರದಾರ್ರೀ?"

ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. ಮುಖ ಸಣ್ಣದಾಯಿತು. "ಯಾರನ್ನೂ ಇಟ್ಟಿಲ್ಲಲ್ಲವ್ವಾ... ದಿನಾ ನನ್ನ ಮುಂದ ನೀ ಹೊಡೀತಿದ್ದಿ, ಕಣ್ಣಿಗೇ ಬೀಳಲಿಲ್ಲ."

ಮರುದಿನ ಮುಂಜಾನೆ ಕಸಬರಿಗೆ ಹಿಡಿದು ಅಂಗಳಕ್ಕಿಳಿದರು. ಗುಡಿಸಲು ಬರುತ್ತಿರಲಿಲ್ಲ, ಪಾಪ, ಧೂಳೆಲ್ಲ ಅವರ ಧೋತರಕ್ಕೇ. ಅವತ್ತೇ ಬರಬೇಕೆ, ಅವರ ಕಥೆ ಮೆಚ್ಚಿ ಲಿಂಗಸುಗೂರಿನ ಮಾಸ್ತರರೊಬ್ಬರು ನೋಡಲು ಬಂದು ಬೀದಿ ಬಾಗಿಲಲ್ಲಿ ನಿಂತಿದ್ದರು. ಮನೆಯಲ್ಲಿ ಸೊಸೆ ಇದ್ದು ಮಾವ ಕಸ ಹೊಡೆಯುವುದೆಂದರೇನು! ನನ್ನ ಮಾನವೇ ಹೋದಂತಾಯಿತು. ಓಡಿಹೋಗಿ ಕಸಬರಿಗೆ ಕಸಿದುಕೊಂಡೆ.

"ಒಳಗ ನಡೀರಿ ಮಾವಾರ, ಮಂದಿ ನೋಡಾಕತ್ತಾರ!"

ಮಾಸ್ತರರು ಚಹಾ ಕುಡಿದು ಹೋದ ಮೇಲೆ ಮಾವ ಮೆಲ್ಲಗೆ ಅಂದರು, "ನಾಚಿಕಿ ಬಂದಿದ್ದು ನನಗ. ಅದನ್ನ ಕಳಕೊಳ್ಳಾಕ ಬಿಡಲಿಲ್ಲಲ್ಲವ್ವಾ ನೀ."

ಇವತ್ತಿಗೂ ಆ ಮಾತು ನೆನೆದರೆ ಮುಖ ಬಿಸಿಯಾಗುತ್ತದೆ.

ಮತ್ತೆ ಅವರು ಕಸಬರಿಗೆ ಮುಟ್ಟಲಿಲ್ಲ, ಕಥೆಯನ್ನೂ ಮುಂದುವರಿಸಲಿಲ್ಲ. ಕೇಳಿದರೆ, "ನೌಕೆದಾಗ ಕಸಬರಿಗಿ ಯಾರ ಕೈಯಾಗ ಕೊಡ್ಲಿ, ತಿಳೀವಲ್ದು" ಎನ್ನುವರು. ಆ ಚಳಿಗಾಲದಲ್ಲೇ ತೀರಿಕೊಂಡರು.

ಮಣ್ಣಿಗೆ ಬಂದ ನೆಂಟರೆಲ್ಲ ಹೊರಟ ಮೇಲೆ ಪಡಸಾಲೆಯ ತುಂಬ ಎಲೆ ಅಡಿಕೆ, ಬೀಡಿ ತುಂಡು, ಮಣ್ಣು. ಮಾವನ ಚಾಪೆ ಗೋಡೆಗೆ ಒರಗಿತ್ತು. ನಾನು ಕಸಬರಿಗೆ ತಂದು ನನ್ನ ಗಂಡನ ಮುಂದೆ ಹಿಡಿದೆ. ಅವರು ನನ್ನನ್ನೇ ನೋಡಿದರು, ಇಸಿದುಕೊಂಡರು. ಮೊದಲು ಹೋಗಿ ಬೀದಿ ಬಾಗಿಲು ಹಾಕಿ ಬಂದು, ಆಮೇಲೆ ಬಗ್ಗಿದರು.

ನಾನು ಹೋಗಿ ಬಾಗಿಲು ತೆರೆದೆ.