ಬಿಸಿಲಲ್ಲಿ ಒದ್ದೆಯಾದ ಬನಿಯನ್

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಸೂರ್ಯ ಗುಡ್ಡದ ಹಿಂದೆ ಹೋದ. ಜಾರ್ಜಿಯಾದ ಹಿಮದಲ್ಲಿ ನನ್ನ ಪಕ್ಕ ನಡೆಯುತ್ತಿದ್ದ ಗಂಡ ದಿನೇಶ್ ಆಗಲೇ ನಡುಗತೊಡಗಿದರು. ಫೋನು ದಿನವಿಡೀ ಬಿಸಿಲು ಎಂದಿತ್ತು. "ಬಿಸಿಲಿದ್ದರೆ ಎಂತ ಚಳಿ ಮಾರಾಯ್ತಿ?" ಎಂದು, ಮುಂಬೈ ಸಾಂತಾಕ್ರೂಜ್‌ನ ತಮ್ಮ ಹೋಟೆಲಿಗೆ ಹಾಕಿಕೊಂಡು ಹೋಗುವ ಹತ್ತಿ ಬನಿಯನ್ ಮೇಲೆಯೇ ಜಾಕೆಟ್ ಏರಿಸಿದ್ದರು. ಏರುದಾರಿಯಲ್ಲಿ ಅದು ಬೆವರಿಗೆ ತೊಯ್ದಿತ್ತು. ದಾರಿಬದಿಯ ಚಹಾ ಅಂಗಡಿ ಮುಟ್ಟುವಷ್ಟರಲ್ಲಿ ಅವರು ಗೋಡೆಯ ಕಡೆ ತಿರುಗಿ, "ಎರಡು ಇಡ್ಲಿ, ಒಂದು ವಡೆ!" ಎಂದು ಆರ್ಡರ್ ಕೂಗತೊಡಗಿದರು.

ಅಂಗಡಿಯ ಅಜ್ಜಿ ನಗಲಿಲ್ಲ. ನಮ್ಮ ದೇಶದ ಪ್ರವಾಸಿಗರಿಂದ ಕಲಿತ ಹಿಂದಿಯಲ್ಲಿ, "ಕಾಟನ್ ನಿಕಾಲೋ! ಜಲ್ದಿ!" ಎಂದು ಗದರಿದರು. ಒದ್ದೆ ಬನಿಯನ್ ತೆಗೆಸಿ, ತಾವು ಹೊದ್ದಿದ್ದ ಉಣ್ಣೆಯ ಶಾಲನ್ನೇ ಅವರ ಬರಿ ಮೈಗೆ ಸುತ್ತಿದರು. ಮಗುವಿಗೆ ಕುಡಿಸುವ ಹಾಗೆ ಗುಟುಕು ಗುಟುಕಾಗಿ ಬಿಸಿ ಚಹಾ ಕುಡಿಸಿದರು. ನಾನು ದಿನೇಶರ ಬೆನ್ನಿಗೆ ಕೈಯಿಟ್ಟು ಕೂತಿದ್ದೆ. ಅಜ್ಜಿಯ ಕೈ ಒಮ್ಮೆಯೂ ಅಲುಗಲಿಲ್ಲ. ಅರ್ಧ ಗಂಟೆಯ ಮೇಲೆ ದಿನೇಶ್ ನನ್ನನ್ನು ನೋಡಿ, "ಸಕ್ಕರೆ ಜಾಸ್ತಿ ಆಯಿತು," ಎಂದರು. ನನಗೆ ಅಳು ಬಂತು.

ಮನೆಗೆ ಮರಳಿದ ಮೇಲೂ ರಾತ್ರಿ ಎದ್ದೆದ್ದು ದಿನೇಶರ ಬೆನ್ನು ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಮೊನ್ನೆ ಗುರುವಾರ, ಫ್ಯಾನು ಜೋರಾಗಿ ತಿರುಗುತ್ತಿದ್ದರೂ, ಹಾಲಿನವನು ಬೆಲ್ ಒತ್ತುವವರೆಗೆ ನನಗೆ ಎಚ್ಚರವಾಗಲಿಲ್ಲ.