ನೀರಿನ ಮುಂದೆ ನಡೆಯುವ ಹುಲಿಯಮ್ಮ

ಲಕ್ಕಿ ಸೊಪ್ಪು ಬೆಂದ ನೀರಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಅಜ್ಜಿಯ ಬಚ್ಚಲುಮನೆ ಕಾಣುತ್ತದೆ. ಹಂಡೆಯ ಒಲೆ, ಹಸಿರಿಗೆ ತಿರುಗಿದ ಬಿಸಿನೀರು, ಅದರಲ್ಲಿ ಇಳಿಬಿಟ್ಟ ಊದಿದ ಎರಡು ಪಾದ. ಆ ಆವಿಯ ನಡುವೆ ಅಜ್ಜಿ ಕಣ್ಣು ಮುಚ್ಚಿ, ಬೇರೆ ಯಾವುದೋ ಊರಿಗೆ ಹೋದವಳಂತೆ ಕೂತಿರುತ್ತಿದ್ದಳು. ಕಾಲುನೋವು ಎಂದರೆ ವಯಸ್ಸಾದ ಹೆಂಗಸರೆಲ್ಲ ತೊಡಲೇಬೇಕಾದ ಒಂದು ಆಭರಣ ಎಂದು ನಾನು ಆಗ ತಿಳಿದಿದ್ದೆ.

ಇಂದು ಬೆಳಗಿನ ಜಾವ ಅದೇ ವಾಸನೆ ಹುಲಿಯಮ್ಮನ ಹಿತ್ತಲಿನಿಂದ ಬರುತ್ತಿದೆ. ತಾಳಗುಂದದ ಆಚೆ, ಸೊರಬದ ಕಡೆ ಹೊರಳುವ ರಸ್ತೆಯ ಪಕ್ಕದ ಸಣ್ಣ ಊರು ಇದು; ಹುಲಿಯಮ್ಮನ ಬಗ್ಗೆ ಬರೆಯಲೆಂದು ನಾನು ಬಂದಿದ್ದೇನೆ. ಸಂಕ್ರಾಂತಿ ಈಗಷ್ಟೇ ಕಳೆದಿದೆ. ಕೆರೆಯ ಮೇಲಿನಿಂದ ಎದ್ದ ಮಂಜು ಊರಿನೊಳಗೆ ಬಂದು ಹಂಚಿನ ಮೇಲೆ ಕೂತಿದೆ. ಹುಲಿಯಮ್ಮ ಕುರ್ಚಿಯ ಮೇಲೆ ಕೂತು ಬಲಗಾಲನ್ನು ಮಾತ್ರ ಬಿಸಿನೀರಿಗೆ ಬಿಟ್ಟಿದ್ದಾರೆ.

“ಎಡಗಾಲು ಆಪರೇಷನ್ ಆಗಿ ಸುಖವಾಗೈತಿ ಅಮ್ಮಾರೆ. ಅದನ್ನ ನೋಡಿ ಈ ಬಲಗಾಲಿಗೆ ಹೊಟ್ಟೆಕಿಚ್ಚು. ನಂಗೂ ಉಪಚಾರ ಮಾಡು ಅಂತೈತಿ,” ಎನ್ನುತ್ತಾರೆ.

ಹುಲಿಯಮ್ಮ ಈ ಊರಿನ ನೀರುಗಂಟಿ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ಕೆಲಸ ಅವರದು. ಗಂಡ ಲೋಕಪ್ಪ ತೀರಿಕೊಂಡ ಮೇಲೆ ಅದು ಅವರ ಹೆಗಲಿಗೆ ಬಂತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಕಾಲುವೆಯಿಂದ ಗದ್ದೆಗೆ ನೀರು ನುಗ್ಗುವ ಯಾವ ಗಂಡಿಯನ್ನು ಯಾವಾಗ ಕೆಸರು ಮೆತ್ತಿ ಮುಚ್ಚಬೇಕು ಎಂಬುದೆಲ್ಲ ಅವರ ತೀರ್ಮಾನ. ಬೆಳೆ ಬಂದಾಗ ಗದ್ದೆಯವರು ಭತ್ತ ಅಳೆದು ಕೊಡುತ್ತಾರೆ. ಊರಿನ ಅನ್ನದಲ್ಲಿ ಅವರ ನಡಿಗೆ ಇದೆ. ಆದರೆ ಉಣ್ಣುವಾಗ ನೀರುಗಂಟಿಯನ್ನು ಯಾರು ನೆನೆಯುತ್ತಾರೆ?

ಈ ಹಳ್ಳಿಯಲ್ಲಿ ಒಂದು ಪದ್ಧತಿಯಿದೆ. ಬೇಸಿಗೆ ಬೆಳೆಗೆ ಮೊದಲ ನೀರು ಬಿಡುವ ದಿನ ನೀರುಗಂಟಿ ನೀರಿನ ಮುಂದೆ ನಡೆಯಬೇಕು. ತೂಬಿನಿಂದ ಕಟ್ಟಕಡೆಯ ಗದ್ದೆಯವರೆಗೆ ದಾರಿಯ ಗಂಡಿಗಳನ್ನೆಲ್ಲ ಮುಚ್ಚುತ್ತ ಹೋಗಬೇಕು. ಹಿಂದೆ ಉಳಿದರೆ ಮೇಲಿನ ಗದ್ದೆಗಳೇ ನೀರು ಕುಡಿದುಬಿಡುತ್ತವೆ, ಕೆಳಗಿನವರಿಗೆ ಬರುವುದು ಬರೀ ತೇವ. ಇಂದು ಆ ದಿನ. ಹೋದ ವರ್ಷ ಹುಲಿಯಮ್ಮ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಮೈದುನನ ಮಗ ಯೋಗೇಶ ಬೈಕಿನಲ್ಲಿ ಓಡಾಡಿ ನೀರು ಬಿಟ್ಟ. ಕೊನೆಯ ಗದ್ದೆಯ ಪರಮಶಿವಪ್ಪನವರ ಸಸಿಮಡಿ ಒಣಗಿತು. ಅವರೇ ಈ ವರ್ಷ ದೇವಸ್ಥಾನದ ಜಗಲಿಯ ಮೇಲೆ ಸೇರಿದ ಸಭೆಯಲ್ಲಿ ಎದ್ದುನಿಂತು, ಪಾಪ ಅಂತ ನೀರು ಹಂಚಾಕೆ ಬರಲ್ಲ, ಗಟ್ಟಿ ಕಾಲಿನೋರನ್ನ ಇಡ್ರಿ ಎಂದರಂತೆ.

“ಗಟ್ಟಿ ಕಾಲು ಅಂದ್ರೆ ಊರಾಗೆ ನಂದೇ ಗೌಡ್ರೆ, ಒಳಗೆ ಕಬ್ಬಿಣ ಐತಿ ಅಂದೆ. ಎಲ್ಲಾರೂ ನಕ್ರು, ಅವ್ರು ನಗಲಿಲ್ಲ,” ಎಂದು ಹುಲಿಯಮ್ಮ ನೆನೆಯುತ್ತಾರೆ. ಕೊನೆಗೆ ಸಭೆ ಒಂದು ಅವಕಾಶ ಕೊಟ್ಟಿದೆ. ಇಂದು ಹೊತ್ತು ಮುಳುಗುವುದರೊಳಗೆ ನೀರು, ಅದರ ಮುಂದೆ ಹುಲಿಯಮ್ಮ, ಕೊನೆಯ ಗದ್ದೆ ಮುಟ್ಟಿದರೆ ಕೆಲಸ ಅವರದೇ. ಇಲ್ಲದಿದ್ದರೆ ಬೇರೆಯವರದು.

ಕಾಲಿನ ಕತೆ ಹಳೆಯದು. ಅವರು ನೀರುಗಂಟಿಯಾದ ಹೊಸತರಲ್ಲಿ ತೂಬಿನ ಮೆಟ್ಟಿಲಿನ ಪಾಚಿಯ ಮೇಲೆ ಜಾರಿ ಎಡಗಾಲಿನ ಹಿಮ್ಮಡಿಯ ಮೇಲಿನ ಮೂಳೆ ಮುರಿಯಿತು. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ. ವರ್ಷ ಕಳೆದಂತೆ ಕೀಲಿನೊಳಗಿನ ಮೆತ್ತೆ ಸವೆದು, ಮೂಳೆಗೆ ಮೂಳೆ ಉಜ್ಜತೊಡಗಿತು. ಬದುವಿನ ಮೇಲೆ ಪಾದ ಸ್ವಲ್ಪ ವಾಲಿದರೂ ಜೀವ ಹೋದಂತಾಗುತ್ತಿತ್ತು. ಮಾತ್ರೆ ನುಂಗಿ ನಡೆದರು, ಕೋಲು ಹಿಡಿದು ನಡೆದರು. ಕಡೆಗೆ ಅಂಗನವಾಡಿಯಲ್ಲಿ ಕೆಲಸ ಮಾಡುವ ಮಗಳು ಶಶಿರೇಖಾ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಮೂಳೆಯ ವೈದ್ಯೆ ರಜನಿ ಎಂಬವರು ಸಿಕ್ಕರು. ತಮ್ಮ ಸ್ಟೂಲನ್ನು ಎಳೆದುಕೊಂಡು ರೋಗಿಯ ಕಾಲ ಬಳಿ ಕೂತು ಮಾತಾಡುವ ವೈದ್ಯರನ್ನು ನಾನು ಹೆಚ್ಚು ಕಂಡಿಲ್ಲ. ಅವರು ಹಾಗೆ ಕೂತರಂತೆ. ಸವೆದ ಕಣಕಾಲಿನ ಕೀಲನ್ನೂ ಅದರ ಕೆಳಗಿನ ಇನ್ನೊಂದು ಕೀಲನ್ನೂ ಕೆರೆದು, ಸ್ಕ್ರೂ ಹಾಕಿ, ಮೂಳೆಗಳು ಒಂದೇ ಆಗಿ ಬೆಸೆಯುವಂತೆ ಮಾಡುವ ಶಸ್ತ್ರಚಿಕಿತ್ಸೆ ಅದು. ಹೆಚ್ಚಿನವರಿಗೆ ನೋವು ಬಹುಮಟ್ಟಿಗೆ ಇಳಿಯುತ್ತದೆ ಎಂದರು. ಆದರೆ ಪಾದ ಮತ್ತೆಂದೂ ಮಣಿಯದು. ಸಮನೆಲದಲ್ಲಿ ಚೆನ್ನಾಗಿ ನಡೆಯಬಹುದು, ಏರುತಗ್ಗಿನಲ್ಲಿ ಕಷ್ಟ, ಕುಕ್ಕರಗಾಲಲ್ಲಿ ಕೂರುವುದು ಆಗದು. ಕೆಲವರಿಗೆ ಮೂಳೆ ಕೂಡದೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಬಹಳ ವರ್ಷದ ಮೇಲೆ ಪಕ್ಕದ ಕೀಲುಗಳು ಸವೆಯಲೂಬಹುದು. ಯಾವುದನ್ನೂ ಮುಚ್ಚಿಡದೆ ಹೇಳಿ, ಯೋಚಿಸಿ ಬನ್ನಿ ಎಂದರು.

“ಯೋಚ್ನೆ ಮಾಡಾಕೆ ಏನೈತಿ? ಮಣಿಯೋ ಕಾಲು ಬೇಕಂದ್ರೆ ನೋವು ಇರ್ತೈತಿ. ನೋವು ಬ್ಯಾಡಂದ್ರೆ ಕಾಲು ಮಣಿಯಲ್ಲ. ನಮ್ಮನೆಯೋರೂ ಯಾವತ್ತೂ ಮಣೀಲಿಲ್ಲ ಡಾಕ್ಟ್ರಮ್ಮ, ಅವ್ರ ಜತಿಗೆ ಬಾಳೇ ಮಾಡಿಲ್ವಾ, ಇದ್ಯಾವ ದೊಡ್ಡದು ಅಂದೆ,” ಎಂದು ಹುಲಿಯಮ್ಮ ನಗುತ್ತಾರೆ.

ಆಪರೇಷನ್ ಆಚೆ ವರ್ಷದ ಶ್ರಾವಣದಲ್ಲಿ ಆಯಿತು. ಹೇಳುವವರೆಗೆ ಕಾಲಿನ ಮೇಲೆ ಭಾರ ಬಿಡಬಾರದು, ಆಮೇಲೂ ಆಸ್ಪತ್ರೆಯವರು ಕೊಟ್ಟ ಬೂಟಿಲ್ಲದೆ ನೆಲಕ್ಕೆ ಇಡಬಾರದು ಎಂದು ಆಣೆ ಹಾಕಿಸಿಕೊಂಡಂತೆ ಹೇಳಿ ಕಳಿಸಿದ್ದರು. ಹುಲಿಯಮ್ಮ ಪಾಲಿಸಿದರು, ಭೂಮಿ ಹುಣ್ಣಿಮೆಯ ತನಕ. ಆ ದಿನ ನಸುಕಿನಲ್ಲಿ ಬಸುರಿ ಭೂಮಿತಾಯಿಗೆ ಬುತ್ತಿ ಚೆಲ್ಲುವುದು ನಮ್ಮ ಸೀಮೆಯ ಪದ್ಧತಿ. ತೂಬಿನ ಬಳಿ ಚೆಲ್ಲುವುದು ನೀರುಗಂಟಿಯ ಪಾಲು. ತೂಬಿನ ಮೆಟ್ಟಿಲಿಗೆ ಚಪ್ಪಲಿ ಮೆಟ್ಟಿ ಇಳಿದವರು ಯಾರೂ ಇಲ್ಲ, ಅಲ್ಲಿ ಗಂಗಮ್ಮ ಇದ್ದಾಳೆ. ಮಗಳು ಎದ್ದೇಳುವ ಮುಂಚೆ ಹುಲಿಯಮ್ಮ ಬೂಟು ಬಿಚ್ಚಿಟ್ಟು, ಗೋಡೆ ಬೇಲಿ ಹಿಡಿದು, ಬರಿಗಾಲಲ್ಲಿ ಇಳಿದು ಬುತ್ತಿ ಚೆಲ್ಲಿ ಬಂದರು. ಮುಂದಿನ ತಪಾಸಣೆಯಲ್ಲಿ ರಜನಿಯವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹುಲಿಯಮ್ಮನಿಗೇ ತೋರಿಸಿದರಂತೆ. ಕೆಳಗಿನ ಕೀಲು ಕೂಡಿರಲಿಲ್ಲ. ಒಂದು ಸ್ಕ್ರೂ ಸಡಿಲಾಗಿತ್ತು. ಮತ್ತೆ ಆಪರೇಷನ್, ಮತ್ತೆ ಪಟ್ಟಿ, ಒಂದು ಬೇಸಿಗೆ ಪೂರ್ತಿ ಮನೆಯೊಳಗೆ.

“ಬುತ್ತಿ ಚೆಲ್ಲಾಕೆ ಹೋಗಿದ್ದು ಹೇಳ್ದೆ. ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಲಿಲ್ಲ. ಹಬ್ಬ ಚೆನ್ನಾಗಾತಾ ಅಂತ ಕೇಳಿದ್ರು,” ಎನ್ನುವಾಗ ಹುಲಿಯಮ್ಮನ ದನಿ ಇಳಿಯುತ್ತದೆ. ಆ ದಿನಗಳಲ್ಲಿ ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಒಬ್ಬರು, ಹೆಸರು ಗೊತ್ತಿಲ್ಲ, ಹುಲಿಯಮ್ಮ ಕಾಲು ನೀಡಿ ಕೂರಲೆಂದು ಮುಂದಿನ ಸೀಟಿನ ಮೇಲೆ ತಮ್ಮ ಟವೆಲ್ ಹಾಸಿಟ್ಟು ಕಾಯುತ್ತಿದ್ದರಂತೆ.

ಎರಡನೆಯ ಸಲ ಮೂಳೆ ಕೂಡಿತು. ಈಗ ನೋವಿಲ್ಲ. ಕುಂಟು ಇದೆ, ಆದರೆ ಗಮನಿಸಿ ನೋಡಿದರೆ ಮಾತ್ರ. ಪಾದ ಮಣಿಯದಿದ್ದರೂ ಹೆಜ್ಜೆ ಉರುಳಲೆಂದು ದೋಣಿಯ ತಳದಂತೆ ಬಾಗಿದ ಅಟ್ಟೆಯ ಬೂಟು ಕೊಟ್ಟಿದ್ದಾರೆ. ಅದಿಲ್ಲದೆ ಹೊಲಗದ್ದೆಗೆ ಹೋಗುವಂತಿಲ್ಲ.

ಬೆಳಕು ಹರಿಯುವ ಹೊತ್ತಿಗೆ ನಾವು ಕೆರೆಯ ಏರಿಯ ಮೇಲಿದ್ದೇವೆ. ಕೆರೆ ಕಾಣುವುದಿಲ್ಲ, ಮಂಜಿನೊಳಗೆ ಎಲ್ಲೋ ನೀರುಕೋಳಿ ಕೂಗುವುದಷ್ಟೇ ಕೇಳುತ್ತದೆ. ಊರಿನ ಒಂದಷ್ಟು ಜನ ಶಾಲು ಹೊದ್ದು ನಿಂತಿದ್ದಾರೆ. ಮಂಜಿನಲ್ಲಿ ಅವರಿಗೆ ಕಾಲೇ ಇಲ್ಲದಂತೆ, ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಹುಲಿಯಮ್ಮ ತೂಬಿನ ಮೆಟ್ಟಿಲ ಬಳಿ ನಿಲ್ಲುತ್ತಾರೆ. ಕಾಲಲ್ಲಿ ಬೂಟು. ಎಲ್ಲರೂ ಅದನ್ನೇ ನೋಡುತ್ತಾರೆ. ಅವರು ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕುತ್ತಾರೆ.

ಗಂಗಮ್ಮನ ಕಲ್ಲಿಗೆ ದಿನವೂ ದೀಪ ಹಚ್ಚುವ ಮುದುಕಿ ಗುತ್ಯಮ್ಮ ಆಗ ಮುಂದೆ ಬರುತ್ತಾಳೆ. ತಂಬಿಗೆಯ ನೀರನ್ನು ಆ ಬೂಟಿನ ಮೇಲೆಯೇ ಹುಯ್ದು, ಸೆರಗಿನಿಂದ ಒರೆಸಿ, ಅದರ ತುದಿಗೆ ಅರಿಸಿನ ಕುಂಕುಮ ಹಚ್ಚುತ್ತಾಳೆ.

“ಇಳಿಯೇ ಹುಲ್ಯವ್ವ. ಅದೂ ನಿನ್ನ ಕಾಲೇ. ಗಂಗಮ್ಮಂಗೆ ಅಷ್ಟು ಗೊತ್ತಾಗಲ್ವಾ?”

ಹುಲಿಯಮ್ಮ ಇಳಿಯುತ್ತಾರೆ, ಒಂದೊಂದೇ ಮೆಟ್ಟಿಲು, ಅಡ್ಡಡ್ಡ ತಿರುಗಿ. ತೂಬಿನ ಚಕ್ರವನ್ನು ಅರ್ಧ ಮಾತ್ರ ತಿರುಗಿಸಿ ನಿಲ್ಲಿಸುತ್ತಾರೆ. ಏರಿಯ ಮೇಲಿಂದ ಯಾರೋ, ಪೂರ್ತಿ ಎತ್ತು, ಹಿಂಗಾದ್ರೆ ನೀರು ನಾಳಿಗೆ ಮುಟ್ತೈತಿ ಎಂದು ಕೂಗುತ್ತಾರೆ. ಹುಲಿಯಮ್ಮ ತಲೆಯೆತ್ತುವುದಿಲ್ಲ. “ನನ್ನ ಕಾಲಿಗೆ ಎಷ್ಟು ಬೇಕೋ ಅಷ್ಟು ಬಿಟ್ಟೀನಿ,” ಎಂದು ನನಗಷ್ಟೇ ಕೇಳುವಂತೆ ಹೇಳುತ್ತಾರೆ.

ಮೊದಲೆಲ್ಲ ಅವರು ಬದುವಿನ ಮೇಲೆ ಓಡುತ್ತಿದ್ದರು. ಬದು ವಾಲಿದ ಕಡೆ ಬೆಸೆದ ಪಾದ ವಾಲದು, ಬೀಳಿಸುತ್ತದೆ. ಹಾಗಾಗಿ ಈಗ ಒಣಗಿದ ಕಾಲುವೆಯ ತಳದಲ್ಲೇ ನಡೆಯುತ್ತಾರೆ. ಅಲ್ಲಿ ನೆಲ ಸಮ. ಕೈಯಲ್ಲಿ ಸಲಿಕೆ. ಗಂಡಿ ಬಂದಾಗ ಕುಕ್ಕರಿಸಲಾಗದೆ ಎಡಗಾಲು ಚಾಚಿ, ಬಲಮಂಡಿ ಊರಿ, ಮಣ್ಣು ಮೆತ್ತುತ್ತಾರೆ. ಹಿಂದಿನಿಂದ ನೀರು ಬರುತ್ತದೆ, ತರಗೆಲೆ ಹೊತ್ತು, ನೊರೆ ಹೊತ್ತು, ನಿದ್ದೆಗಣ್ಣಿನ ಹಾವಿನಂತೆ. ನಾನು ಬದುವಿನ ಮೇಲೆ ಜತೆಗೆ ನಡೆಯುತ್ತೇನೆ. ಮಂಜು ಕರಗಿ ಬಿಸಿಲಾಗುತ್ತದೆ, ಬಿಸಿಲು ಬಲಿಯುತ್ತದೆ. ಗದ್ದೆಯವರು ತಂತಮ್ಮ ಬದುವಿನಲ್ಲಿ ನಿಂತು, ಹೋಗುವ ನೀರನ್ನು ಸುಮ್ಮನೆ ನೋಡುತ್ತಾರೆ. ಒಂದೆರಡು ಕಡೆ ಹುಲಿಯಮ್ಮ ಬರುವ ಮುಂಚೆಯೇ ಯಾರೋ ಗಂಡಿ ಮುಚ್ಚಿಟ್ಟಿರುತ್ತಾರೆ. ಯಾರೆಂದು ಅವರು ಕೇಳುವುದಿಲ್ಲ.

ಕೊನೆಯ ತಿರುವಿನ ಹತ್ತಿರ ನೀರು ಅವರ ಹಿಮ್ಮಡಿಯ ತನಕ ಬಂದುಬಿಡುತ್ತದೆ. ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಓಡಲು ಆ ಕಾಲಿಗೆ ಬಾರದು. ಅವರು ಹೆಜ್ಜೆಯನ್ನು ಹೆಚ್ಚು ಮಾಡುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಸಲಿಕೆಯಿಂದ ಒಮ್ಮೆ ಅಡ್ಡ ಮಣ್ಣೆಳೆದು ನೀರನ್ನು ಅರೆಗಳಿಗೆ ತಡೆದು, ಮತ್ತೆ ನಡೆಯುತ್ತಾರೆ. ನೀರು ಮಣ್ಣನ್ನು ದಾಟಿ ಬರುವಷ್ಟರಲ್ಲಿ ಅವರು ಪರಮಶಿವಪ್ಪನವರ ಗದ್ದೆಯ ಬಾಯಲ್ಲಿದ್ದಾರೆ. ಮಧ್ಯಾಹ್ನ ಇಳಿದಿದೆ, ಹೊತ್ತು ಮುಳುಗಲು ಇನ್ನೂ ಬಹಳ ಇದೆ. ಗಂಡಿ ಬಿಚ್ಚುತ್ತಾರೆ. ಒಣಮಣ್ಣು ಸದ್ದು ಮಾಡುತ್ತ ನೀರು ಕುಡಿಯುತ್ತದೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಸಲಿಕೆಯ ಮೇಲೆ ಒರಗಿ ಯೋಚಿಸುತ್ತಾರೆ. “ಬರೋ ವರ್ಷಾನೂ ನೀರು ನನ್ನ ಹಿಂದೇನೇ ಬರ್ಲಿ ಅಮ್ಮಾರೆ. ಇನ್ನೇನು.”

ಪರಮಶಿವಪ್ಪನವರು ಬೆಳಗಿನಿಂದ ಅಲ್ಲೇ ಮರದ ನೆರಳಲ್ಲಿ ಕೂತಿದ್ದವರು ಎದ್ದು ಬರುತ್ತಾರೆ. ನೀರನ್ನು ನೋಡುತ್ತಾರೆ, ಕೆಸರು ಮೆತ್ತಿದ ಬೂಟನ್ನು ನೋಡುತ್ತಾರೆ. ಹುಲಿಯಮ್ಮ ಕೆಳಗೆ ಕೂರಲಾರರೆಂದು ತಿಳಿದು, ತಾವು ಕೂತಿದ್ದ ಎತ್ತರದ ಕಲ್ಲನ್ನು ಹೆಗಲ ಮೇಲಿನ ವಲ್ಲಿಯಿಂದ ಝಾಡಿಸಿ ತೋರಿಸುತ್ತಾರೆ. ಹುಲಿಯಮ್ಮ ಕಾಲು ನೀಡಿ ಕೂತ ಮೇಲೆ, ತಮ್ಮ ಮನೆಯಿಂದ ಬಂದ, ಇನ್ನೂ ಬಿಚ್ಚದ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಇಟ್ಟು, ಎರಡೂ ಕೈಯಲ್ಲಿ ಮುಂದೆ ಹಿಡಿಯುತ್ತಾರೆ.